ಕಾವಲಿಲ್ಲದ ನಿದ್ದೆ

ಕಣ್ಣು ಮುಚ್ಚಿದರೆ ಸತ್ತೇಹೋಗುತ್ತೇನೆ ಎಂದು ನಂಬಿಕೊಂಡ ಗಂಡಸಿಗೆ ಬೆಳಗಾಗುವುದೇ ಒಂದು ಗೆಲುವು, ಆದರೆ ಆ ಗೆಲುವಿನ ಸುದ್ದಿಗೆ ಮನೆಯಲ್ಲಿ ಯಾರಾದರೂ ಕಿವಿ ಕೊಡಬೇಕಲ್ಲ. ನರೇಂದ್ರ ಮಂಚದ ತುದಿಯಲ್ಲಿ ಕೂತು, ಒಣಗಿ ಅಂಗುಳಕ್ಕೆ ಅಂಟಿದ ನಾಲಿಗೆಯನ್ನು ಬಿಡಿಸಿಕೊಳ್ಳುತ್ತ, ಅಡುಗೆಮನೆಯಿಂದ ಬರುತ್ತಿದ್ದ ಕಜ್ಜಾಯದ ವಾಸನೆಯನ್ನು ಮೂಗಿಗೆಳೆದುಕೊಂಡ. ಮೂಗು ಕೆಲಸ ಮಾಡುತ್ತಿದೆ, ಎದೆ ಏರಿಳಿಯುತ್ತಿದೆ, ಸದ್ಯ. ರಾತ್ರಿಯಿಡೀ ಗೋಡೆಗೆ ದಿಂಬು ಒತ್ತಿಕೊಂಡು ಕೂತೇ ಇದ್ದ. ತೂಕಡಿಕೆ ಬಂದಾಗಲೆಲ್ಲ ಯಾರೋ ಗಂಟಲಿಗೆ ಬಟ್ಟೆ ತುರುಕಿದಂತಾಗಿ ಬೆಚ್ಚಿಬಿದ್ದು ಎದ್ದಿದ್ದ. ಪಕ್ಕದ ಜಾಗ ಖಾಲಿ. ಹೆಂಡತಿ ಮಧುಶ್ರೀ ಮಗಳ ಕೋಣೆಗೆ ಹಾಸಿಗೆ ಸಾಗಿಸಿ ಒಂದು ಮಳೆಗಾಲವೇ ಕಳೆದಿತ್ತು. ಮದುವೆಯಾದ ಹೊಸದರಲ್ಲಿ ಅವಳು ಮೊಣಕೈಯಿಂದ ಮೆತ್ತಗೆ ತಿವಿಯುತ್ತಿದ್ದಳು, ನಿಂತ ಉಸಿರು ಗೊರ್ ಎಂದು ಮತ್ತೆ ಹೊರಡುತ್ತಿತ್ತು, ಇವನು ಮಗ್ಗುಲಾಗುತ್ತಿದ್ದ. ಬೆಳಿಗ್ಗೆ ಎದ್ದು ಅವಳ ಮೇಲೇ ಹಾರಾಡುತ್ತಿದ್ದ: ಮನುಷ್ಯನಿಗೆ ನೆಮ್ಮದಿಯಾಗಿ ನಿದ್ದೆ ಮಾಡಲೂ ಬಿಡುವುದಿಲ್ಲ ನೀನು. ಒಂದು ಸಲ ನಿದ್ದೆಗಣ್ಣಿನಲ್ಲಿ ಆ ಮೊಣಕೈಯನ್ನು ಹಿಡಿದು ಅವಳು ಕೂಗಿಕೊಳ್ಳುವಷ್ಟು ತಿರುಚಿದ್ದ. ನೆನಪೇ ಇಲ್ಲ ಎಂದು ಬೆಳಿಗ್ಗೆ ಆಣೆ ಮಾಡಿದ. ನೆನಪು ಚೆನ್ನಾಗಿಯೇ ಇತ್ತು. ಆಮೇಲಿಂದ ಅವಳು ತಿವಿಯುವುದನ್ನು ಬಿಟ್ಟು, ಎದ್ದು ಹೋಗಿ ಹಾಲ್‌ನಲ್ಲಿ ಕೂರುತ್ತಿದ್ದಳು.

ಇವತ್ತು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಜಕ್ಕೂರಿನ ಹಳೇ ಊರಿನಲ್ಲಿ ಪ್ರತಿ ಮನೆಯಲ್ಲೂ ಸತ್ತವರಿಗೆ ಎಡೆ ಇಡುವ ದಿನ. ಮೂರು ಮಹಡಿ ಎಬ್ಬಿಸಿ ಬಾಡಿಗೆಗೆ ಬಿಟ್ಟವರೂ, ಜಮೀನು ಮಾರಿ ಕಾರು ಕೊಂಡವರೂ ಇವತ್ತು ಮಾತ್ರ ಬೆಳಿಗ್ಗೆಯೇ ಮಟನ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ನರೇಂದ್ರನಿಗೆ ಹಬ್ಬದ ಮೇಲೆ ದ್ವೇಷವೇನಿರಲಿಲ್ಲ. ಬಾಡೂಟದ ಮೇಲೆ ಬರುವ ನಿದ್ದೆಯ ಮೇಲೆ ಭಯವಿತ್ತು. ಆ ನಿದ್ದೆಯನ್ನು ತಡೆಯಲು ಆಗುವುದಿಲ್ಲ. ಹೆಬ್ಬಾಳದ ಹತ್ತಿರದ ಕಾರ್ ಷೋರೂಮಿನಲ್ಲಿ ಸರ್ವಿಸ್ ವಿಭಾಗದ ಸೂಪರ್‌ವೈಸರ್ ಆಗಿದ್ದ ಅವನು, ಹೋದ ತಿಂಗಳು ಗಿರಾಕಿಯೊಬ್ಬರ ಕಾರಿನ ಏಸಿ ಪರೀಕ್ಷಿಸಲು ಒಳಗೆ ಕೂತವನು ಹಾಗೇ ನಿದ್ದೆ ಹೋಗಿದ್ದ; ಗಿರಾಕಿಯೇ ಬಂದು ಗಾಜು ತಟ್ಟಿ ಎಬ್ಬಿಸಿದ್ದರು. ಮೆಕ್ಯಾನಿಕ್‌ಗಳು ಸುತ್ತ ನಿಂತು ಹಲ್ಲು ಕಿಸಿಯುತ್ತಿದ್ದರು. ಗಿರಾಕಿ ಮಾತ್ರ ಬಹಳ ಮರ್ಯಾದಸ್ಥರು, ‘ಸೀಟು ಆರಾಮಾಗಿದೆಯಾ ಸರ್?’ ಎಂದು ಕೇಳಿದ್ದರು. ಆ ‘ಸರ್’ ಇನ್ನೂ ಎದೆಯೊಳಗೆ ಚುಚ್ಚುತ್ತಿತ್ತು.

ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. ಮಧುಶ್ರೀ ಬಾಣಲೆಯ ಮುಂದೆ ಬೆವರುತ್ತ ಕಜ್ಜಾಯ ಒತ್ತುತ್ತಿದ್ದಳು.

“ಮಧು, ಮಧ್ಯಾಹ್ನ ಊಟ ಆದ್ಮೇಲೆ ಸ್ವಲ್ಪ ಹೊತ್ತು ನನ್ನ ಹತ್ರ ಕೂತಿರ್ತೀಯಾ? ಮಲಗೋದೇನೂ ಬೇಡ. ಸುಮ್ನೆ ಕೂತಿರು. ಉಸಿರು ನಿಂತ್ರೆ ತಟ್ಟು, ಅಷ್ಟೇ.”

ಅವಳು ತಿರುಗಿ ನೋಡಲಿಲ್ಲ. “ಬಂದೋರಿಗೆಲ್ಲ ಬಡ್ಸಿ, ಪಾತ್ರೆ ಎಲ್ಲ ಎತ್ತಿಟ್ಟು, ಆಮೇಲೆ ನಿಮ್ಮ ಮೂಗಿನ ಕೆಳಗೆ ಕೈ ಹಿಡ್ಕೊಂಡು ಕೂತ್ಕೋಬೇಕಾ? ಡಾಕ್ಟ್ರು ಮಿಷನ್ ಕೊಟ್ಟಿದ್ರಲ್ಲ, ಅದನ್ನ ವಾಪಸ್ ಕೊಟ್ಟು ಬಂದೋರು ಯಾರ್ರೀ?”

“ಅದು ಸೂಟ್ ಆಗ್ಲಿಲ್ಲ ಕಣೆ.”

“ಹೂಂ. ನಾನೂ ನಿಮಗೆ ಸೂಟ್ ಆಗ್ಲಿಲ್ಲ. ಅಲ್ಲಿ ನಿಂತ್ಕೋಬೇಡಿ, ಎಣ್ಣೆ ಸಿಡಿಯುತ್ತೆ.”

ಸೂಟ್ ಆಗಲಿಲ್ಲ ಎಂಬುದು ಸುಳ್ಳು. ಆಸ್ಪತ್ರೆಯಲ್ಲಿ ತಲೆಗೆ, ಎದೆಗೆ ತಂತಿಗಳನ್ನು ಅಂಟಿಸಿ ಒಂದು ರಾತ್ರಿ ಮಲಗಿಸಿದ್ದರು. ಬೆಳಿಗ್ಗೆ ಬಂದ ಡಾಕ್ಟರು ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳಿರಬಹುದು, ಕಂಪ್ಯೂಟರಿನ ಪರದೆ ನೋಡುತ್ತಲೇ, ‘ನಿದ್ದೆಯಲ್ಲಿ ನಿಮ್ಮ ಉಸಿರು ಪದೇ ಪದೇ ನಿಲ್ತಾ ಇದೆ. ತಂದೆಯವರು ಇದ್ದಾರಾ?’ ಎಂದಿದ್ದಳು. ಇಲ್ಲ, ನಿದ್ದೆಯಲ್ಲೇ ಹೋದರು, ಪುಣ್ಯಾತ್ಮ, ಎಂದ ನರೇಂದ್ರ. ಊರಿನವರು ಹೇಳಿ ಹೇಳಿ ಅವನ ಬಾಯಿಗೂ ಹತ್ತಿದ ಮಾತು ಅದು. ಡಾಕ್ಟರು ಅವನನ್ನು ಒಂದು ಕ್ಷಣ ನೋಡಿದಳು. ಪುಣ್ಯ ಗಿಣ್ಯದ ವಿಚಾರ ಅವಳು ಬರೆದುಕೊಳ್ಳಲಿಲ್ಲ. ‘ಸಿಗರೇಟು ಗಂಟಲೊಳಗಿನ ದಾರೀನ ಊದಿಸುತ್ತೆ. ನಿಮ್ಮದು ಮೊದಲೇ ಕಿರಿದು. ಸೇದೋದು ನಿಲ್ಸಿ, ಮಲಗುವಾಗ ಈ ಮಿಷನ್ ಹಾಕ್ಕೊಳ್ಳಿ.’ ಈ ಎಲೆಕ್ಟ್ರಿಕ್ ಸಿಗರೇಟು, ವೇಪ್ ಆದರೆ ಪರವಾಗಿಲ್ಲವಾ ಮೇಡಂ, ಅದರಲ್ಲಿ ಹೊಗೆ ಇರೋಲ್ಲವಂತೆ ಎಂದು ಇವನು ಕೇಳಿದ. ‘ಅದರಲ್ಲೂ ನಿಕೋಟಿನ್ ಇರುತ್ತೆ, ಗಂಟಲು ಕೆರಳುತ್ತೆ, ನಿದ್ದೆ ಕೆಡುತ್ತೆ. ಎಷ್ಟು ಕೆಟ್ಟದ್ದು ಅಂತ ಇನ್ನೂ ಪೂರ್ತಿ ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಒಳ್ಳೇದು ಅಂತ ಅಂದ್ಕೋಬೇಡಿ.’ ನರೇಂದ್ರ ಆ ಮಾತಿನಲ್ಲಿ ತನಗೆ ಬೇಕಾದ ತುಂಡನ್ನು ಮುರಿದುಕೊಂಡ: ಇನ್ನೂ ಗೊತ್ತಿಲ್ಲ. ಅವತ್ತು ಸಂಜೆಯೇ ಆರ್.ಟಿ. ನಗರದಲ್ಲಿ ಮೊಬೈಲ್ ಕವರ್ ಮಾರುವ ರಿಯಾಜ್‌ನ ಅಂಗಡಿಗೆ ಹೋದ. ರಿಯಾಜ್ ಆಚೆ ಈಚೆ ನೋಡಿ, ಮಾರಬಾರದ ಸಾಮಾನನ್ನು ಡ್ರಾಯರಿನ ತಳದಿಂದ ತೆಗೆದ. ‘ಹೊಗೇನೇ ಇಲ್ಲ ಗುರು, ಬರೀ ಆವಿ. ಇದು ಕಲ್ಲಂಗಡಿ ಫ್ಲೇವರು, ಸೇದಿ ನೋಡು, ಹಣ್ಣು ತಿಂದಂಗಿರುತ್ತೆ.’ ಬೆರಳುದ್ದದ, ಗಿಳಿಹಸಿರು ಬಣ್ಣದ ಆ ವೇಪನ್ನು ಬಾಯಿಗಿಟ್ಟು ಎಳೆದರೆ ತುದಿಯಲ್ಲೊಂದು ದೀಪ ಮಿನುಗುತ್ತಿತ್ತು. ಸಿಗರೇಟು ಬಿಟ್ಟೆ ಎಂದು ನರೇಂದ್ರ ಮನೆಯಲ್ಲಿ ಸಿಹಿ ಹಂಚಿದ. ಸಿಗರೇಟನ್ನಾದರೆ ಸೇದಿ ಎಸೆಯಬೇಕಿತ್ತು. ಇದನ್ನು ಆರಿಸುವ ಗೋಜೇ ಇಲ್ಲದೆ ಬಚ್ಚಲಲ್ಲಿ, ಲಿಫ್ಟಿನಲ್ಲಿ, ದಿಂಬಿನ ಅಡಿಯಲ್ಲಿ ಇಟ್ಟುಕೊಂಡು ದಿನವಿಡೀ ಚೀಪಿದ. ತಿಂಗಳೊಳಗೆ ದನಿಯೇ ಬಿದ್ದುಹೋಗಿ, ಜೋರಾಗಿ ಕರೆದರೆ ಗಾಳಿ ಮಾತ್ರ ಬರುವ ಹಾಗಾಯಿತು.

ಇನ್ನು ಆ ಮಿಷನ್. ಉಸಿರಿನ ದಾರಿ ಮುಚ್ಚದಂತೆ ಗಾಳಿ ಒತ್ತುವ ಪೆಟ್ಟಿಗೆ, ಅದರಿಂದ ಬರುವ ಕೊಳವೆ, ಮೂಗು ಬಾಯಿಗೆ ಬಿಗಿಯುವ ಮುಖವಾಡ. ಬಾಡಿಗೆಗೆ ತಂದ ಮೊದಲ ರಾತ್ರಿ ಅವನು ಮಗುವಿನ ಹಾಗೆ ನಿದ್ದೆ ಮಾಡಿದ. ಬೆಳಕು ಹರಿದಿದ್ದೂ ತಿಳಿಯಲಿಲ್ಲ. ಭಾನುವಾರ ಬೇರೆ, ಯಲಹಂಕದ ಅಪಾರ್ಟ್‌ಮೆಂಟಿನಲ್ಲಿರುವ ತಮ್ಮ ಮಣಿಕಂಠ ಬಂದವನು ನೇರ ಕೋಣೆಗೆ ನುಗ್ಗಿ, ‘ಏನಣ್ಣ, ಪೈಲಟ್ ಆಗ್ಬಿಟ್ಯಾ? ನಮ್ಮ ಜಕ್ಕೂರು ಏರೋಡ್ರೋಮಲ್ಲಿ ಯಾವ ವಿಮಾನ ಕೊಟ್ರು ನಿಂಗೆ?’ ಎಂದು ನಕ್ಕ. ಮಗಳು ಸಂಯುಕ್ತಾ ಫೋಟೊ ತೆಗೆದಳು. ಮಧುಶ್ರೀ ಬಾಗಿಲಲ್ಲಿ ನಿಂತು, ಬಹಳ ದಿನಗಳಾದ ಮೇಲೆ, ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆ ನಗುವನ್ನು ಅವನಿಂದ ಸಹಿಸಲಾಗಲಿಲ್ಲ. ಮರುದಿನವೇ ಪೆಟ್ಟಿಗೆಯನ್ನು ವಾಪಸ್ ಕೊಟ್ಟ. ಪ್ರಾಣ ದೊಡ್ಡದೋ ಮರ್ಯಾದೆ ದೊಡ್ಡದೋ ಎಂದು ಯಾರಾದರೂ ಕೇಳಿದ್ದರೆ ಪ್ರಾಣ ಎಂದೇ ಹೇಳುತ್ತಿದ್ದ. ಯಾರೂ ಕೇಳಲಿಲ್ಲ.

ಹನ್ನೊಂದರ ಹೊತ್ತಿಗೆ ನೆಂಟರು ತುಂಬಿಕೊಂಡರು. ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ, ಅವರ ಮಕ್ಕಳು, ಮಣಿಕಂಠನ ಹೊಸ ಕಾರು. ಹಳೆಯ ಮನೆ ಕೆಡವಿ ಬಿಲ್ಡಿಂಗ್ ಕಟ್ಟುವಾಗ ಹಿತ್ತಲಿನ ಕಡೆ ಒಂದು ಕೋಣೆಯನ್ನು ಮಾತ್ರ ಹಾಗೇ ಉಳಿಸಿದ್ದರು. ಹಿರಿಯರು ಹೊಸ ಮನೆಯಲ್ಲಿ ದಾರಿ ತಪ್ಪಿಯಾರು ಎಂದು ಅಮ್ಮ ಮಾರಕ್ಕ ಹಟ ಹಿಡಿದಿದ್ದಳು. ಅಲ್ಲಿ ಅಪ್ಪ ಮುನಿವೆಂಕಟಯ್ಯನ ಫೋಟೊ, ಅದರ ಮುಂದೆ ಬಾಳೆಲೆ, ಎಲೆಯ ಮೇಲೆ ಮುದ್ದೆ, ಮಟನ್ ಸಾರು, ಬೋಟಿ, ಬೇಯಿಸಿದ ಮೊಟ್ಟೆ, ಕಜ್ಜಾಯ, ಪಕ್ಕದಲ್ಲಿ ಹೊಸ ಪಂಚೆ, ಕಾಲು ಬಾಟಲಿ ಬ್ರಾಂದಿ. ಬದುಕಿದ್ದಾಗ ಏನೇನು ಇಷ್ಟಪಡುತ್ತಿದ್ದರೋ ಅದೆಲ್ಲ ಎಡೆಯಲ್ಲಿರಬೇಕು. ಅಪ್ಪನಿಗೆ ಬೀಡಿ. ಎಡೆಯ ಬೀಡಿಯನ್ನು ಹಿರಿಮಗ ಹೊತ್ತಿಸಿ ಇಡುವುದು ಆ ಮನೆಯ ರೂಢಿ, ಮತ್ತು ಎಳೆಯದೆ ಬೀಡಿ ಹತ್ತುವುದಿಲ್ಲ. ನರೇಂದ್ರ ಕಡ್ಡಿ ಗೀರಿ, ತುಟಿಗಿಟ್ಟು ಎಳೆದ. ಚಿಕ್ಕವನಿದ್ದಾಗ ಒಲೆಯ ಕೆಂಡದಲ್ಲಿ ಅಪ್ಪನಿಗೆ ಬೀಡಿ ಹೊತ್ತಿಸಿಕೊಂಡು ಹೋಗುತ್ತಿದ್ದವನೂ ಇವನೇ. ಆರಿಹೋಗದಿರಲಿ ಎಂದು ದಾರಿಯಲ್ಲಿ ಒಂದು ದಮ್ಮು, ಬಾಗಿಲಲ್ಲಿ ಇನ್ನೊಂದು. ಜಾಣ ಮಗ ಎಂದು ಅಪ್ಪ ತಲೆ ಸವರುತ್ತಿದ್ದ. ನಿಜವಾದ ಹೊಗೆ ಗಂಟಲಿಗಿಳಿದು ಎಷ್ಟೋ ದಿನಗಳಾಗಿತ್ತು. ಒಳಗೆಲ್ಲ ಬಿಸಿಯಾಗಿ ಹರಡಿತು. ಇನ್ನೊಂದು ಎಳೆದ. ಮತ್ತೊಂದು ಎಳೆದ. ಕಣ್ಣು ಬಿಟ್ಟಾಗ ಎಲ್ಲರೂ ಅವನನ್ನೇ ನೋಡುತ್ತಿದ್ದರು, ಬೀಡಿ ಅರ್ಧಕ್ಕೆ ಬಂದಿತ್ತು.

“ಲೇ ನರೇಂದ್ರ,” ಎಂದ ಚಿಕ್ಕಪ್ಪ, “ಅಪ್ಪಂಗೆ ಅಚ್ಕೊಡು ಅಂದ್ರೆ ನೀನೇ ಮುಗಿಸ್ತಾ ಇದೀಯಲ್ಲೋ. ಸತ್ತೋನಿಗೆ ನಿನ್ನ ಎಂಜ್ಲು ಇಕ್ತೀಯಾ?”

ಎಲ್ಲರೂ ನಕ್ಕರು. ನರೇಂದ್ರನೂ ನಕ್ಕ. ಬೀಡಿಯನ್ನು ಎಲೆಯ ಅಂಚಿಗಿಡುವಾಗ ಬೂದಿ ಉದುರಿ ಮೊಟ್ಟೆಯ ಮೇಲೆ ಬಿತ್ತು.

ಅಷ್ಟರಲ್ಲಿ ಮಾರಕ್ಕ ಹಾಲ್‌ನಿಂದ ಬಂದಳು. ಮುಷ್ಟಿಯಲ್ಲಿ ಹಿಡಿದಿದ್ದನ್ನು ಬಹಳ ಜೋಪಾನವಾಗಿ ಬೀಡಿಯ ಪಕ್ಕದಲ್ಲಿಟ್ಟಳು. ಗಿಳಿಹಸಿರು ವೇಪು. ನರೇಂದ್ರ ಅದನ್ನು ಅಲ್ಲಿ ಚಾರ್ಜಿಗೆ ಹಾಕಿ ಮರೆತಿದ್ದ.

“ಇದ್ಯಾಕಮ್ಮ ಇಲ್ಲಿ?” ನರೇಂದ್ರನ ದನಿ ಒಡೆಯಿತು.

“ಒಸಾ ತರದ ಬೀಡಿಯಂತಲ್ಲಪ್ಪ, ಮಣಿ ಏಳ್ದ. ನಿಮ್ಮಪ್ಪಂಗೇ ಅಂತ ತಂದಿಟ್ಟಿದ್ದೀಯಂತೆ. ಬೆಂಕಿ ಬ್ಯಾಡ್ವಂತೆ, ಕೆಮ್ಮೂ ಬರಾಕಿಲ್ವಂತೆ. ಒಳ್ಳೇದಾಯ್ತು ಬಿಡು ಮಗ.”

ಮಣಿಕಂಠ ಬಾಗಿಲ ಚೌಕಟ್ಟಿಗೆ ಒರಗಿ ಅಣ್ಣನನ್ನೇ ನೋಡುತ್ತಿದ್ದ, ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಸಿಗರೇಟು ಬಿಟ್ಟೆ ಎಂದು ಅವನು ಹಂಚಿದ ಸಿಹಿ ತಿಂದವರೆಲ್ಲ ಸುತ್ತ ನಿಂತಿದ್ದರು. ಅದು ನನ್ನದು ಎಂದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. “ಹೌದಮ್ಮ, ಅಪ್ಪನಿಗೇ,” ಎಂದ ನರೇಂದ್ರ. ಮಾರಕ್ಕನ ಕಿವಿಯ ಮಿಷನ್ ಸಣ್ಣಗೆ ಕುಯ್ ಎಂದಿತು. ಹೋದ ಯುಗಾದಿಗೆ ಅವನೇ ಕೊಡಿಸಿದ್ದು. ಅದಿಲ್ಲದಿದ್ದರೆ ಅವಳಿಗೆ ಪಟಾಕಿ ಹೊಡೆದರೂ ಕೇಳಿಸದು. ತಂದ ಹೊಸದರಲ್ಲಿ ನೆಂಟರು ಕೂತಿದ್ದಾಗ, ಸುಮ್ಮನೆ ತಮಾಷೆಗೆ, ನರೇಂದ್ರ ಅವಳ ಮುಂದೆ ದನಿ ಹೊರಡಿಸದೆ ಬರೀ ತುಟಿ ಅಲ್ಲಾಡಿಸಿದ್ದ. ಅಮ್ಮ ಗಾಬರಿಯಾಗಿ ಮಿಷನನ್ನು ಕಿತ್ತು, ಒದರಿ, ಬಾಯಿಂದ ಊದಿ ಮತ್ತೆ ಹಾಕಿಕೊಂಡಳು. ಇವನು ಮತ್ತೆ ತುಟಿ ಅಲ್ಲಾಡಿಸಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರೆ ಅವಳು ಒಬ್ಬೊಬ್ಬರ ಬಾಯಿಯನ್ನೂ ನೋಡುತ್ತ, ಕೊನೆಗೆ ತಾನೂ ನಕ್ಕಿದ್ದಳು. ಬೇಜಾರಾದಾಗಲೆಲ್ಲ ಆ ಆಟವನ್ನು ಮತ್ತೆ ಮತ್ತೆ ಆಡಿದ್ದ.

ಧೂಪ ಹಾಕಿ, ಕಾಯಿ ಒಡೆದು, ಎಲ್ಲರೂ ಅಡ್ಡಬಿದ್ದು ಹೊರಗೆ ಬಂದರು. ಕೋಣೆಯ ಬಾಗಿಲು ಮುಚ್ಚಿತು. ಹಿರಿಯರು ಬಂದು ಉಂಡು ಹೋಗುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಆಮೇಲೆ ಹಿರಿಮಗನೇ ಬಾಗಿಲು ತಟ್ಟಿ ತೆಗೆಯಬೇಕು. ಅಂಗಳದಲ್ಲಿ ಕುರ್ಚಿಗಳು ಬಿದ್ದವು, ಸೈಟಿನ ಮಾತು ಶುರುವಾಯಿತು, ತಲೆಯ ಮೇಲೆ ತರಬೇತಿಯ ಪುಟ್ಟ ವಿಮಾನವೊಂದು ಗೊರಗೊರ ಸುತ್ತುತ್ತಿತ್ತು. ಬೀಡಿಯ ಆ ಮೂರು ದಮ್ಮು ನರೇಂದ್ರನ ಮೈಯಲ್ಲಿ ಮಲಗಿದ್ದುದನ್ನು ಎಬ್ಬಿಸಿಬಿಟ್ಟಿತ್ತು. ಕೈ ತಾನೇ ಜೇಬು ತಡಕುವುದು, ಖಾಲಿ ಜೇಬಿನಿಂದ ತಾನೇ ಹೊರಬರುವುದು. ಬಾಯಿ ಸಪ್ಪಗಾಗಿತ್ತು. ಚಿಕ್ಕಪ್ಪ ಏನೋ ಕೇಳಿದ, ಇವನು ಏನೋ ಹೇಳಿದ. ಎದ್ದು, ಮೋಟರ್ ನೋಡಿ ಬರುವವನಂತೆ ಹಿತ್ತಲಿಗೆ ನಡೆದ. ಕೋಣೆಗೆ ಹಿತ್ತಲಿನಿಂದಲೂ ಒಂದು ಗಿಡ್ಡ ಬಾಗಿಲಿತ್ತು.

ಒಳಗೆ ಧೂಪದ ಹೊಗೆ ಎದೆಯ ಮಟ್ಟಕ್ಕೆ ನಿಂತಿತ್ತು. ನಾಚಿಕೆ ಆಗಲಿಲ್ಲ ಎಂದೇನಲ್ಲ. ಅಪ್ಪ ಫೋಟೊದೊಳಗಿಂದ, ಎಂದಿನಂತೆ, ಕ್ಯಾಮೆರಾದವನ ಮೇಲೆ ಸಿಟ್ಟಾದವನಂತೆ ನೋಡುತ್ತಿದ್ದ. ನರೇಂದ್ರ ಎಲೆಯಿಂದ ವೇಪನ್ನು ಎತ್ತಿಕೊಂಡು, ಸಾರಿನ ಕಲೆಯನ್ನು ಪಂಚೆಗೆ ಒರೆಸಿ, ಗೋಡೆಗೊರಗಿ ಕೂತು ಎಳೆದ. ಹಸಿರು ದೀಪ ಮಿನುಗಿತು. ಧೂಪದ ನಡುವೆ ಕಲ್ಲಂಗಡಿಯ ವಾಸನೆ ಹರಡಿತು. ಇನ್ನೊಂದು ಎಳೆದು ಹೊರಗೆ ಹೋಗುವುದು ಎಂದುಕೊಂಡ. ಗೋಡೆ ತಣ್ಣಗಿತ್ತು. ಮಣ್ಣಿನ ಗೋಡೆ, ಇದೇ ಕೋಣೆಯಲ್ಲಿ, ಇದೇ ಗೋಡೆಯ ಬದಿಯ ಚಾಪೆಯ ಮೇಲೆ ಅಪ್ಪ ಹೋಗಿದ್ದು. ಬೆಳಿಗ್ಗೆ ಕಾಫಿ ಹಿಡಿದು ಎಬ್ಬಿಸಿದಾಗ ಮೈ ಮರದ ಹಾಗಾಗಿತ್ತು. ರಾತ್ರಿಯಿಡೀ ಪಕ್ಕದಲ್ಲೇ ಮಲಗಿದ್ದ ಅಮ್ಮನಿಗೆ ಏನೂ ಗೊತ್ತಾಗಿರಲಿಲ್ಲ. ‘ಗೊರಕೆ ಗಿರಕೆ ಏನೂ ಇಲ್ದೆ ಚೆಂದಾಗಿ ಮಲಗವ್ರೆ ಅಂದ್ಕಂಡೆ’ ಎಂದಿದ್ದಳು. ನರೇಂದ್ರನ ರೆಪ್ಪೆ ಭಾರವಾದವು. ಎಷ್ಟೋ ದಿನಗಳ ಮೇಲೆ ಮೊದಲ ಬಾರಿಗೆ ಭಯವಾಗಲಿಲ್ಲ. ಇದು ಹಿರಿಯರೆಲ್ಲ ಬಂದು ಕೂರುವ ಜಾಗ, ಅಪ್ಪ, ಅಜ್ಜ, ಅವರಪ್ಪ. ಇಷ್ಟು ಜನರಲ್ಲಿ ಉಸಿರು ನಿಂತರೆ ಒಬ್ಬರಾದರೂ ತಟ್ಟಿ ಎಬ್ಬಿಸಲಾರರೇ? ನನಗೂ ಕಾವಲಿದೆ ಎಂದು ಸಮಾಧಾನವಾಗಿ, ಕೂತಲ್ಲೇ ಅವನ ಗದ್ದ ಎದೆಗೆ ಬಿತ್ತು.

ಮೊಬೈಲು ಹೊಡೆದುಕೊಳ್ಳುತ್ತಿತ್ತು. ಎಲ್ಲೋ ದೂರದಲ್ಲಿ, ನೀರಿನ ಅಡಿಯಲ್ಲಿ. ಆಮೇಲೆ ತನ್ನದೇ ಜೇಬಿನಲ್ಲಿ. ಕಣ್ಣು ಬಿಟ್ಟರೆ ದೊಡ್ಡ ಬಾಗಿಲು ತೆರೆದಿತ್ತು, ಬೆಳಕಿನಲ್ಲಿ ಇಡೀ ಬಳಗ ಗುಂಪಾಗಿ ನಿಂತಿತ್ತು, ಕೆಲವರ ಕೈಗಳು ಇನ್ನೂ ಮುಗಿದೇ ಇದ್ದವು. ಜೊಲ್ಲು ಅಂಗಿಯ ಮೇಲೆ ಇಳಿದಿತ್ತು, ವೇಪು ಕೈಯಲ್ಲಿತ್ತು, ಒಂದು ಕಾಲು ಅಪ್ಪನ ಎಲೆಯ ಮೇಲೆ ಚಾಚಿ ಮುದ್ದೆಯನ್ನು ಒತ್ತಿತ್ತು. ಮಣಿಕಂಠ ಮೊಬೈಲು ಎತ್ತಿ ಹಿಡಿದಿದ್ದ. ಯಾರೂ ಕೂಡಲೇ ನಗಲಿಲ್ಲ. ಮೊದಲು ನಕ್ಕಿದ್ದು ಸಂಯುಕ್ತಾ.

ಏನಾಯಿತು ಎಂಬುದು ಪಂಕ್ತಿಯಲ್ಲಿ ಊಟಕ್ಕೆ ಕೂತಾಗ ತಿಳಿಯಿತು, ಮಣಿಕಂಠ ಎದುರಿಗೇ ಕೂತು ಎಲ್ಲರಿಗೂ ಕೇಳುವಂತೆ ಹೇಳಿದ. ಅಂಗಳದಲ್ಲಿ ಕೂತವರಿಗೆ ಮುಚ್ಚಿದ ಕೋಣೆಯಿಂದ ಗೊರಕೆ ಕೇಳಿಸಿತಂತೆ. ಮೊದಲು ವಿಮಾನ ಅಂದುಕೊಂಡರಂತೆ. ಆಮೇಲೆ ಮಾರಕ್ಕ ಕುರ್ಚಿ ಬಿಟ್ಟೆದ್ದು, ಅದೇ ಗೊರಕೆ, ನಿಮ್ಮಪ್ಪನ ಗೊರಕೆ, ಬಂದವ್ರೆ ಎಂದು ಬಾಗಿಲಿನ ಮುಂದೆ ಕುಸಿದು ಕೂತಳಂತೆ. ಬಾಗಿಲ ಸಂದಿಯಿಂದ ಕಲ್ಲಂಗಡಿಯ ವಾಸನೆ ಬಂದಾಗ ಅತ್ತೆಗಂತೂ ಮೈಮೇಲೆ ಬರುವುದೊಂದು ಬಾಕಿ. ಅವರ ಅಣ್ಣ, ಅಂದರೆ ಅಪ್ಪ, ಬೇಸಿಗೆಯಲ್ಲಿ ಕಲ್ಲಂಗಡಿ ಬಿಟ್ಟು ಬೇರೆ ಹಣ್ಣನ್ನೇ ಮುಟ್ಟುತ್ತಿರಲಿಲ್ಲವಂತೆ. ಎಲ್ಲರೂ ಎದ್ದು ಕೈ ಮುಗಿದು ನಿಂತರು. ನಡುವೆ ಗೊರಕೆ ನಿಂತಿತು. ಬಹಳ ಹೊತ್ತು ನಿಂತಿತು. ‘ಉಣ್ತಾವ್ರೆ, ಸುಮ್ನಿರಿ’ ಎಂದಳಂತೆ ಚಿಕ್ಕಮ್ಮ. ಮತ್ತೆ ಹೊರಟಿತು, ಮತ್ತೆ ನಿಂತಿತು. ನಿಂತಾಗಲೆಲ್ಲ ಜನ ಉಸಿರು ಬಿಗಿಹಿಡಿದು, ಹಿರಿಯರ ಹೊಟ್ಟೆ ತುಂಬಲಿ ಎಂದು ಬೇಡಿಕೊಂಡರು. ಬಾಗಿಲು ತೆಗೆಯಲು ಹಿರಿಮಗ ಬೇಕಲ್ಲ, ಅವನೆಲ್ಲಿ ಎಂದು ಹುಡುಕಿ, ಫೋನು ಮಾಡಿದರೆ ಹಿರಿಯರ ನಡುವೆ ರಿಂಗ್ ಆಯಿತು.

“ಎಲ್ಲಾ ರೆಕಾರ್ಡ್ ಆಗಿದೆ ಅಣ್ಣ,” ಎಂದ ಮಣಿಕಂಠ, ಮೂಳೆ ಚೀಪುತ್ತ. “ಫ್ಯಾಮಿಲಿ ಗ್ರೂಪಿಗೆ ಹಾಕಿದೀನಿ. ಬದುಕಿದ್ದಾಗ್ಲೇ ಎಡೆ ತಗೊಂಡೋನು ನಮ್ಮ ವಂಶದಲ್ಲಿ ನೀನೊಬ್ನೇ.”

ಚಿಕ್ಕಪ್ಪ ನಕ್ಕು ನಕ್ಕು ನೀರು ನೆತ್ತಿಗೇರಿಸಿಕೊಂಡ. ಮಾರಕ್ಕ ದೂರದ ಕಂಬಕ್ಕೆ ಒರಗಿ ಕೂತಿದ್ದಳು, ಊಟ ಬೇಡ ಎಂದಿದ್ದಳಂತೆ. ಮಧುಶ್ರೀ ಸಾರಿನ ಪಾತ್ರೆ ಹಿಡಿದು ಸಾಲಿನಲ್ಲಿ ಬಡಿಸುತ್ತ ಬಂದಳು. ನರೇಂದ್ರ ತಲೆ ತಗ್ಗಿಸಿಯೇ ಕೇಳಿದ.

“ನಿಂಗೂ ಅಪ್ಪ ಅನ್ಸಿತಾ?”

“ಏನು?”

“ಗೊರಕೆ. ನಿಂಗೂ ಅಪ್ಪಂದೇ ಅನ್ಸಿತಾ?”

ಅವಳು ಸೌಟನ್ನು ಪಾತ್ರೆಯೊಳಗೆ ಬಿಟ್ಟಳು. “ಮಗಳು ಹುಟ್ಟೋಕೆ ಮುಂಚೆಯಿಂದ ಕೇಳ್ತಾ ಇದೀನಿ. ನಂಗೆ ಗೊತ್ತಾಗಲ್ವಾ?”

“ಮತ್ತೆ ನಿಂತಾಗ?”

“ನಿಂತಿದ್ದೂ ಗೊತ್ತಾಯ್ತು.”

“ಬಾಗಿಲು ತೆಗೀಬೇಕು ಅನ್ನಿಸ್ಲಿಲ್ವಾ ಮಧು?”

ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. ಸಿಟ್ಟಿರಲಿಲ್ಲ. ಅಷ್ಟು ಶಾಂತವಾಗಿ ಅವಳು ಅವನನ್ನು ನೋಡಿ ವರ್ಷಗಳೇ ಆಗಿದ್ದವು.

“ಅನ್ನಿಸ್ತು. ಕೈಯೂ ಮುಂದೆ ಹೋಯ್ತು. ಆಮೇಲೆ, ಒಂದು ಸಲ ತಟ್ಟದೇ ಇದ್ರೆ ಏನಾಗುತ್ತೆ ನೋಡೋಣ ಅನ್ನಿಸ್ತು.” ಸೌಟು ಮೇಲೆ ಬಂತು. “ಸಾರು ಹಾಕ್ಲಾ? ತುಂಡು ಬೇಕಾ, ಬರೀ ಸಾರಾ?”

“ತುಂಡು,” ಎಂದ ನರೇಂದ್ರ. ಹಸಿವಿತ್ತು. ಅದೇ ಅವನಿಗೆ ತನ್ನ ಬಗ್ಗೆ ಹೇಸಿಗೆ ಹುಟ್ಟಿಸಿದ್ದು. ಹೆಂಡತಿ ತನ್ನ ಸಾವಿನ ರುಚಿ ನೋಡಲು ಹೊರಟಿದ್ದಳೆಂದು ಅವಳ ಬಾಯಿಂದಲೇ ಕೇಳಿದ ಮೇಲೂ ಕೈ ಮುದ್ದೆ ಮುರಿಯುತ್ತಿತ್ತು, ಬಾಯಿ ನುಂಗುತ್ತಿತ್ತು. ಆ ತಿರುಚಿದ ಮೊಣಕೈ ನೆನಪಾಯಿತು. ನೆನಪಾದದ್ದರಿಂದ ಏನೂ ಆಗಲಿಲ್ಲ.

ಊಟದ ಮೇಲೆ ನಿದ್ದೆ ಬಂತು. ಬಂದೇ ಬರುತ್ತದೆ ಎಂದು ಬೆಳಿಗ್ಗೆಯಿಂದ ಹೆದರಿದ್ದೇ ಆಯಿತು. ಮುಖಕ್ಕೆ ನೀರು ಹಾಕಿಕೊಂಡ, ಅಂಗಳದಲ್ಲಿ ಅಡ್ಡಾಡಿದ, ನಿಂತಲ್ಲೇ ತೂಕಡಿಸಿ ಕಂಬ ಹಿಡಿದ. ಸಂಯುಕ್ತಾಳನ್ನು ಕೋಣೆಗೆ ಕರೆದು, ಮೊಬೈಲ್ ನೋಡ್ತಾನೇ ಇಲ್ಲೇ ಕೂತಿರು ಪುಟ್ಟ, ನಾನು ಒರಗ್ತೀನಿ ಎಂದ. “ಅಪ್ಪ, ಪ್ಲೀಸ್. ನೀವ್ ಆ ಸೌಂಡ್ ಮಾಡ್ತಿದ್ರೆ ನಂಗೆ ಒಂಥರಾ ಆಗುತ್ತೆ. ಅಲಾರಂ ಇಟ್ಕೊಳ್ಳಿ,” ಎಂದು ಅವಳು ಹೋದಳು. ಉಸಿರು ಯಾವಾಗ ನಿಲ್ಲುತ್ತದೆ ಎಂದು ಗೊತ್ತಿದ್ದರೆ ಅಲಾರಂ ಇಡಬಹುದಿತ್ತು. ಮಣಿಕಂಠನನ್ನು ಕೇಳಲು ಬಾಗಿಲವರೆಗೆ ಹೋಗಿ, ಒಳಗಿನ ನಗು ಕೇಳಿ ಹಿಂದಿರುಗಿದ.

ಯಾರೂ ಕರೆಯದೆ ಬಂದವಳು ಮಾರಕ್ಕ. ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. “ಮದು ಏಳಿದ್ಲು, ಒಬ್ನೇ ಮಲಗಾಕೆ ಎದರ್ತಾನೆ ಅಂತ. ನಾನ್ ಇದೀನಲ್ಲ ಬಾ ಮಗ. ನಿಮ್ಮಪ್ಪನ ಪಕ್ಕ ಅಷ್ಟ್ ವರ್ಸ ಮಲಗಿದ್ದೋಳು ನಾನು.” ನರೇಂದ್ರ ಮಂಚದ ಮೇಲೆ ಒರಗಿದ. ಈ ಮನೆಯಲ್ಲಿ ಒಬ್ಬಳಾದರೂ ಇದ್ದಾಳೆ. ಅಮ್ಮ, ನನ್ನ ಉಸಿರು ನಿಂತದ್ದು ಕೇಳಿದರೆ ಭುಜ ಹಿಡಿದು ಅಲ್ಲಾಡಿಸು, ಜೋರಾಗಿ ಅಲ್ಲಾಡಿಸು ಎಂದು ಅವಳಿಗೆ ಎರಡೆರಡು ಸಲ ಹೇಳಿದ. ಅವಳು ತಲೆಯಾಡಿಸಿದಳು, ಮಂಚದ ಕೆಳಗೆ ಚಾಪೆ ಬಿಡಿಸಿ, ಕಾಲು ಚಾಚಿ ಕೂತು ಸ್ವಲ್ಪ ಹೊತ್ತು ಗೋಡೆಯನ್ನು ನೋಡಿದಳು.

“ಇವತ್ತು ಅವ್ರೇ ಬಂದ್ರು ಅಂದ್ಕಂಬಿಟ್ಟೆ ಕಣಪ್ಪ,” ಎಂದಳು. “ಅವ್ರು ಓದ್ಮೇಲೆ ಆ ಗೊರಕೆ ಮತ್ತೆ ಕೇಳೇ ಇರ್ಲಿಲ್ಲ. ಇವತ್ತು ಕಿವಿಗೆ ಬಿತ್ತು, ಎದೆ ತುಂಬ್ಕಂತು. ಬಾಗ್ಲು ತೆಗುದ್ರೆ ನೀನು.” ಚಾಪೆಯ ಅಂಚನ್ನು ಸರಿಮಾಡಿಕೊಂಡಳು. “ಯಾಕಾದ್ರೂ ತೆಗುದ್ರೋ ಅನ್ಸಿಬಿಡ್ತು.”

ಮಾರಕ್ಕ ಎರಡು ಬೆರಳಿನಿಂದ ಕಿವಿಯ ಮಿಷನನ್ನು ತೆಗೆದು, ಸೆರಗಿಗೆ ಒರೆಸಿ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ದಿನವೂ ಮಲಗುವ ಮುಂಚೆ ಅವಳು ಮಾಡುವುದೇ ಅದು.

“ಅಮ್ಮ, ತೆಗೀಬೇಡ! ಹಾಕ್ಕೋ ಅದನ್ನ!”

ಬೀಡಿ, ವೇಪು ಎರಡೂ ಸೇರಿ ಸುಟ್ಟ ಗಂಟಲಿನಿಂದ ಬರೀ ಗಾಳಿ ಹೊರಟಿತು. ಇನ್ನೂ ಜೋರಾಗಿ ಕೂಗಿದ. ಕತ್ತಿನ ನರ ಉಬ್ಬಿದವು. ಮಾರಕ್ಕ ಮಂಚದ ಮೇಲಿದ್ದ ಮಗನ ಬಾಯಿ ತೆರೆದು ಮುಚ್ಚುವುದನ್ನು, ತುಟಿಗಳು ಏನೇನೋ ಆಕಾರ ತಾಳುವುದನ್ನು ನೋಡಿದಳು. ಅವಳ ಸುಕ್ಕುಮುಖದಲ್ಲಿ ನಗು ಮೂಡಿತು, ಬೆಳಿಗ್ಗೆಯಿಂದ ಮೊದಲ ನಗು.

“ಓಗೋ, ನಿನ್ನ ತಮಾಸೆ ಇನ್ನೂ ಬಿಟ್ಟಿಲ್ವಲ್ಲ,” ಎಂದಳು. “ನಂಗೊತ್ತು ಬಿಡು, ನೀನ್ ಏನೂ ಮಾತಾಡ್ತಾ ಇಲ್ಲ ಅಂತ.” ಗೋಡೆಯ ಕಡೆ ಮಗ್ಗುಲಾಗಿ, ಸೆರಗು ಮುಖಕ್ಕೆಳೆದುಕೊಂಡಳು. ಅವಳ ಉಸಿರು ಬಹಳ ಬೇಗ ಒಂದು ಹದಕ್ಕೆ ಬಂತು.

ಕೈ ಚಾಚಿದರೆ ಅವಳ ಭುಜ ಸಿಗುತ್ತಿತ್ತು. ಎಬ್ಬಿಸಬಹುದಿತ್ತು, ಮಿಷನ್ ಹಾಕಿಸಬಹುದಿತ್ತು. ಯಾಕಾದ್ರೂ ತೆಗುದ್ರೋ ಎಂದವಳನ್ನು ಎಬ್ಬಿಸಿ ಏನು ಕೇಳುವುದು? ನರೇಂದ್ರನ ಕೈ ಮಂಚದಿಂದ ಇಳಿಬಿದ್ದು ಹಾಗೇ ನಿಂತಿತು. ಇನ್ನೊಂದು ಕೈ ಜೇಬಿನಿಂದ ವೇಪನ್ನು ತಾನಾಗಿಯೇ ತೆಗೆದು ಬಾಯಿಗಿಟ್ಟಿತು. ಅಂಗಳದಲ್ಲಿ ಯಾರೋ ಹೊಸದಾಗಿ ಬಂದಿರಬೇಕು, ಮಣಿಕಂಠ ಮೊಬೈಲಿನಲ್ಲಿ ಮತ್ತೆ ಅದನ್ನೇ ಹಾಕಿದ. ತನ್ನ ಗೊರಕೆಯನ್ನು ನರೇಂದ್ರ ಮೊದಲ ಬಾರಿಗೆ ಕೇಳಿದ. ಅಪ್ಪನದೇ. ಸಂದೇಹವೇ ಇಲ್ಲ. ಏರುತ್ತ ಏರುತ್ತ ಹೋಗಿ ತಟ್ಟನೆ ನಿಂತಿತು. ‘ಉಣ್ತಾವ್ರೆ, ಸುಮ್ನಿರಿ’ ಎಂದಳು ಚಿಕ್ಕಮ್ಮ, ಮೊಬೈಲಿನೊಳಗಿಂದ. ಅಂಗಳವೂ ಸುಮ್ಮನಾಯಿತು. ಅದು ಮತ್ತೆ ಹೊರಡುವುದನ್ನು ನರೇಂದ್ರ ಕಾಯತೊಡಗಿದ. ಕಾಯುತ್ತ ಕಾಯುತ್ತ ಅವನ ಕಣ್ಣು ಮುಚ್ಚಿಕೊಂಡಿತು.